ಬಳ್ಳಿಗಾವಿಯ ಕಲ್ಲು, ಏಡನ್ನಿನ ಕಾಗದ

ಬಳ್ಳಿಗಾವಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಲ್ಲಮಪ್ರಭು. ಆ ಬಳಿಕ ಕೇದಾರೇಶ್ವರ ದೇವಾಲಯ, ತ್ರಿಪುರಾಂತಕೇಶ್ವರ ದೇವಾಲಯ, ಮುಗಿಲಿಗೆ ತಲೆಯೆತ್ತಿ ನಿಂತ ಗಂಡಭೇರುಂಡ ಕಂಬ. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಪಕ್ಕದಲ್ಲೇ ಇರುವ ಈ ಊರು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಪ್ರಾಂತ್ಯದ ರಾಜಧಾನಿಯಾಗಿತ್ತು. ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಗಳಿದ್ದ ಊರೆಂದು ಶಾಸನಗಳು ಇದನ್ನು ಹೊಗಳುತ್ತವೆ. ಆದರೆ ಅದು ವರ್ತಕರ ಊರೂ ಆಗಿತ್ತು ಎಂಬ ಸಂಗತಿ ದೇವಾಲಯಗಳ ಸೊಬಗಿನ ಮರೆಯಲ್ಲಿ ಉಳಿದುಬಿಟ್ಟಿದೆ.

ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 118ನೆಯ ಶಾಸನವೆಂದು ದಾಖಲಾಗಿರುವ ಬಳ್ಳಿಗಾವಿಯ ಕಲ್ಲೊಂದಿದೆ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಯ, 1050ರ ದಶಕದ ಶಾಸನವಿದು. ರಾಜರನ್ನು ಹೊಗಳುವ ಶಾಸನಗಳು ನಮ್ಮಲ್ಲಿ ಸಾವಿರಾರಿವೆ. ಇಲ್ಲಿ ಮಾತ್ರ ಹೊಗಳಿಕೆಯ ಸಿಂಹಪಾಲು ವ್ಯಾಪಾರಿಗಳದು. ಅವರೇ ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು.

ಶಾಸನ ಅವರನ್ನು ವರ್ಣಿಸುವ ರೀತಿ ಸ್ವಾರಸ್ಯವಾಗಿದೆ. ಭೂಮಿಯೇ ಅವರ ಚೀಲ, ಎಂಟು ದಿಕ್ಕಿನ ಪಾಲಕರು ಆ ಚೀಲದ ಅಂಚಿನ ಕುಚ್ಚುಗಳು. ಹುಟ್ಟಿರುವುದೇ ದೇಶ ಸುತ್ತುವುದಕ್ಕೆ. ನೆಲದ ದಾರಿ, ನೀರಿನ ದಾರಿ ಎರಡೂ ಅವರಿಗೆ ಗೊತ್ತು. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಹವಳಗಳಲ್ಲದೆ ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳೂ ಅವರ ಸರಕು. ಸಗಟಾಗಿಯೂ ಮಾರುತ್ತಾರೆ, ಹೆಗಲ ಮೇಲೆ ಹೊತ್ತು ಬೀದಿ ಸುತ್ತಿಯೂ ಮಾರುತ್ತಾರೆ. ಚಕ್ರವರ್ತಿಯ ಬೊಕ್ಕಸ ತುಂಬಿಸುವವರೂ ಅವರೇ. ಮರಳಿನಿಂದ ಹಗ್ಗ ಹೊಸೆಯಬಲ್ಲರು, ಸಿಡಿಲನ್ನು ಹಿಡಿದು ತೋರಿಸಬಲ್ಲರು ಎಂಬಷ್ಟರ ಮಟ್ಟಿಗೆ ಈ ಹೊಗಳಿಕೆ ಏರುತ್ತದೆ. ಇಂದಿನ ಜಾಹೀರಾತು ಬರೆಯುವವರು ಈ ಶಾಸನಕವಿಯಿಂದ ಕಲಿಯುವುದು ಬಹಳವಿದೆ.

ಅವರು ಹೋಗಿಬರುತ್ತಿದ್ದ ದೇಶಗಳ ಪಟ್ಟಿಯೂ ಅಲ್ಲಿದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ಲಾಟ, ನೇಪಾಳ, ಪಾರಸ. ಇವು ನಮಗೆ ಪರಿಚಿತವಾದ ನಾಡುಗಳೇ. ಅವುಗಳ ಜೊತೆಗೆ ಒಂಟಿಕಾಲಿನವರ ನಾಡು, ಉದ್ದಕಿವಿಯವರ ನಾಡು, ಹೆಂಗಸರೇ ಆಳುವ ರಾಜ್ಯವೂ ಸೇರಿಕೊಂಡಿವೆ. ಕಂಡ ದೇಶವೂ ಕಥೆಯಲ್ಲಿ ಕೇಳಿದ ದೇಶವೂ ಒಂದೇ ಉಸಿರಿನಲ್ಲಿ ಬರುತ್ತವೆ. ಆ ನಡುವೆಯೇ ‘ಬರ್ಬರ’ ಎಂಬ ಹೆಸರಿದೆ. ಸಂಸ್ಕೃತದಲ್ಲಿ ಪರದೇಶಿಗಳನ್ನೆಲ್ಲ ಸೇರಿಸಿ ಹೀಗೆ ಕರೆಯುವ ವಾಡಿಕೆ ಇತ್ತು. ಹಾಗಾಗಿ ಈ ಒಂದು ಪದ ಹಿಡಿದು ಬಳ್ಳಿಗಾವಿಯ ಸೆಟ್ಟರು ಆಫ್ರಿಕಾಕ್ಕೆ ಹೋಗಿದ್ದರು ಎನ್ನುವುದು ಆತುರದ ಮಾತಾದೀತು. ಆದರೆ ಗ್ರೀಕ್ ಮತ್ತು ಅರಬ್ ನಾವಿಕರು ಆಫ್ರಿಕಾದ ಸೊಮಾಲಿ ಕರಾವಳಿಗೆ ಇದೇ ಹೆಸರನ್ನು ಬಳಸುತ್ತಿದ್ದರು. ಅಲ್ಲಿ ಬರ್ಬೆರಾ ಎಂಬ ಬಂದರು ಇಂದಿಗೂ ಇದೆ. ಈ ಹೆಸರು ಮತ್ತೊಮ್ಮೆ, ಮಂಗಳೂರಿಗೆ ಬಂದ ಸರಕಿನ ನಡುವೆ, ನಮಗೆ ಎದುರಾಗಲಿದೆ.

ಐನೂರು ಜನ, ಒಂದು ಮಾತು

ಅಯ್ಯಾವೊಳೆ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಅಲ್ಲಿ ಹುಟ್ಟಿದ್ದೆಂದು ಹೇಳಿಕೊಳ್ಳುವ ಈ ಸಂಘ ಇಂದಿನ ಕಂಪೆನಿಯಂತಲ್ಲ. ಅದಕ್ಕೆ ಒಬ್ಬ ಯಜಮಾನನಿರಲಿಲ್ಲ, ಒಂದೇ ಗಲ್ಲಾಪೆಟ್ಟಿಗೆಯೂ ಇರಲಿಲ್ಲ. ಊರೂರಿನ ವರ್ತಕರ ಕೂಟಗಳಾದ ನಖರಗಳು, ಊರಿಂದೂರಿಗೆ ಸಂಚರಿಸುವ ನಾನಾದೇಶಿಗಳು, ಮುಮ್ಮುರಿದಂಡ, ಗವರೆ, ಗಾತ್ರಿಗ ಮುಂತಾದ ಬೇರೆಬೇರೆ ವರ್ಗದವರು ಒಂದು ಹೆಸರಿನಡಿ, ‘ಬಣಂಜು ಧರ್ಮ’ ಎಂದು ತಾವೇ ಕರೆದುಕೊಂಡ ಕಟ್ಟಳೆಯಡಿ ಸೇರುತ್ತಿದ್ದರು. ಕನ್ನಡ, ತಮಿಳು, ತೆಲುಗು ನಾಡುಗಳಲ್ಲೆಲ್ಲ ಈ ಹೆಸರು ಸಿಗುತ್ತದೆ. ಚಾಲುಕ್ಯರಿಗೂ ಚೋಳರಿಗೂ ಕತ್ತಿ ಮಸೆಯುವಷ್ಟು ಹಗೆತನವಿದ್ದ ಹನ್ನೊಂದನೆಯ ಶತಮಾನದಲ್ಲೇ ಎರಡು ರಾಜ್ಯಗಳಲ್ಲೂ ಐನೂರ್ವರು ಇದ್ದರು. ಸುಮಾತ್ರಾ ದ್ವೀಪದ ಬಾರೂಸ್ ಬಳಿಯ ಲೋಬು ತುವಾದಲ್ಲಿ ದೊರೆತಿರುವ 1088ರ ತಮಿಳು ಶಾಸನ ಇದೇ ಐನೂರ್ವರ ಹೆಸರಿನಲ್ಲಿದೆ. ಅಲ್ಲಿ ಬಂದಿಳಿಯುವ ಹಡಗಿನವರು ಇಂತಿಷ್ಟು ಚಿನ್ನ ಕೊಡಬೇಕೆಂಬ ಕಟ್ಟಳೆಯನ್ನು ಅವರು ಕಲ್ಲಿನಲ್ಲಿ ಬರೆಸಿದ್ದಾರೆ. ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣು ದೇವಾಲಯವೇ ಇತ್ತು.

ರಾಜನ ಸೈನ್ಯ ಜೊತೆಗಿಲ್ಲದೆ ಇಷ್ಟು ದೂರದ ವ್ಯಾಪಾರ ನಡೆದದ್ದು ಹೇಗೆ? ಉತ್ತರ ಶಾಸನಗಳ ಒಣ ವಿವರಗಳಲ್ಲಿದೆ. ಸುಂಕಗಳಿಗೆ ಹೆಸರಿದ್ದವು: ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ. ಅವನ್ನು ವಸೂಲು ಮಾಡುವ ಅಧಿಕಾರಿಗಳು ಸೇನಾನಿಗಳ ದರ್ಜೆಯವರು. ಅವುಗಳ ಜೊತೆಗೆ ವರ್ತಕರು ತಾವಾಗಿಯೇ ತಮ್ಮ ಮೇಲೆ ಹಾಕಿಕೊಳ್ಳುವ ‘ಆಯ’ವೂ ಇತ್ತು. ಅಡಕೆಯ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಮೆಣಸಿನ ಚೀಲಕ್ಕೆ ಇಷ್ಟು ಎಂದು ಸಭೆ ಸೇರಿ ಗೊತ್ತುಮಾಡಿ, ಅದನ್ನು ಊರಿನ ದೇವಾಲಯಕ್ಕೋ ಮಠಕ್ಕೋ ಬಿಟ್ಟುಕೊಡುತ್ತಿದ್ದರು. ಇದನ್ನು ಬರಿಯ ಭಕ್ತಿಯ ಲೆಕ್ಕಕ್ಕೆ ಸೇರಿಸಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಪರವೂರಿನ ವರ್ತಕನಿಗೆ ತಂಗಲು ಜಾಗ, ಸರಕಿಗೆ ಕಾವಲು, ಜಗಳ ಬಂದರೆ ಸಾಕ್ಷಿ ಹೇಳಲು ನಾಲ್ಕು ಜನ ಬೇಕು. ಇವೆಲ್ಲ ಸಿಗುತ್ತಿದ್ದುದು ದೇವಾಲಯದ ಸುತ್ತಲೇ. ಕಲ್ಲಿನ ಮೇಲೆ ಹೆಸರಿದ್ದವನನ್ನು ಊರಿನವರು ಪರಕೀಯನೆಂದು ಹೊರಗಿಡುವುದೂ ಕಷ್ಟ.

ಬಳ್ಳಿಗಾವಿಯಲ್ಲಿ ಶೈವರ ಕೋಡಿಯ ಮಠವಿತ್ತು, ಜೈನರ ಬಸದಿಗಳಿದ್ದವು. 1065ರ ಶಾಸನವೊಂದು ರೂಪಭಟ್ಟಯ್ಯ ಎಂಬ ಅಧಿಕಾರಿ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿ, ತಾರಾ ಭಗವತಿಯ ಪೂಜೆಗೆ ವ್ಯವಸ್ಥೆ ಮಾಡಿದ್ದನ್ನು ಹೇಳುತ್ತದೆ. ಬೌದ್ಧ ಧರ್ಮ ದಕ್ಷಿಣದಲ್ಲಿ ಬಹುಮಟ್ಟಿಗೆ ಕರಗಿದ್ದ ಕಾಲವದು. ತಾರೆಯಾದರೋ ದಾರಿಹೋಕರನ್ನೂ ನಾವಿಕರನ್ನೂ ಕಾಯುವ ದೇವತೆ. ಪಶ್ಚಿಮ ಸಮುದ್ರದಿಂದ ಘಟ್ಟದಾಚೆಗಿರುವ ಊರಿನಲ್ಲಿ ಆಕೆಗೆ ಭಕ್ತರು ಸಿಕ್ಕಿದ್ದು ಕಾಕತಾಳೀಯವಿರಲಿಕ್ಕಿಲ್ಲ.

ನಂಬಿಕೆಗೆ ಅಳತೆಯೂ ಬೇಕು. 1047ರಲ್ಲಿ ಮಹಾಮಂಡಲೇಶ್ವರ ಚಾಮುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬವನ್ನು ಇಂದು ಪ್ರವಾಸಿಗರು ಶಿಲ್ಪವೆಂದು ನೋಡಿ ಹೋಗುತ್ತಾರೆ. ಆದರೆ ‘ಭೇರುಂಡ ಗಳೆ’ ಎಂಬುದು ಈ ಭಾಗದಲ್ಲಿ ಭೂಮಿ ಅಳೆಯುವ ಮಾನದಂಡವಾಗಿತ್ತು. ಊರ ನಡುವೆ ಎಲ್ಲರ ಕಣ್ಣೆದುರು ನಿಂತ ಕಂಬದ ಅಳತೆಯಲ್ಲಿ ಯಾರೂ ಮೋಸ ಮಾಡುವಂತಿರಲಿಲ್ಲ. ನಾಣ್ಯಕ್ಕೂ ಹೀಗೆಯೇ. ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯ ಹೆಸರು ಹೊತ್ತ ‘ಲೊಕ್ಕಿಗದ್ಯಾಣ’ಕ್ಕೆ ದೂರದೂರುಗಳಲ್ಲೂ ಬೆಲೆ ಇತ್ತು.

ಹಾಗೆಂದು ಐನೂರ್ವರನ್ನು ಸಾಧು ಸಜ್ಜನರ ಕೂಟವೆಂದು ಭಾವಿಸಬೇಕಾಗಿಲ್ಲ. ಆನೆಯಂತೆ ಎರಗಿ ಕೊಲ್ಲುತ್ತಾರೆ, ಹಾವಿನಂತೆ ವಿಷದಿಂದ ಕೊಲ್ಲುತ್ತಾರೆ ಎಂದು ಅದೇ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಅವರು ‘ವೀರ’ ಬಣಂಜುಗಳು. ಕಾಡುದಾರಿಯಲ್ಲಿ ಹೇರೆತ್ತುಗಳ ಸಾಲು ಆಯುಧವಿಲ್ಲದೆ ಸಾಗುತ್ತಿರಲಿಲ್ಲ.

ಕಡಲಿನಾಚೆಯ ಸಾಕ್ಷಿ

ಶಾಸನದ ಕೊರತೆಯೆಂದರೆ ಅದು ವರ್ತಕ ತನ್ನನ್ನು ಜಗತ್ತಿಗೆ ಹೇಗೆ ತೋರಿಸಿಕೊಳ್ಳಬಯಸಿದನೋ ಅದನ್ನಷ್ಟೇ ಹೇಳುತ್ತದೆ. ಹಡಗು ಮುಳುಗಿದ್ದು, ಸಾಲ ಬಾಕಿ ಉಳಿದದ್ದು, ಮುಂಗಡ ಪಡೆದವನು ಕೈಯೆತ್ತಿದ್ದು ಕಲ್ಲಿನ ಮೇಲೆ ಬರುವುದಿಲ್ಲ. ಅದಕ್ಕೆ ಕಾಗದ ಬೇಕು. ಕರ್ನಾಟಕದ ಮಳೆ, ಗೆದ್ದಲುಗಳ ನಡುವೆ ಆ ಕಾಲದ ಕಾಗದ ಉಳಿಯುವ ಮಾತೇ ಇಲ್ಲ. ಆದರೆ ಈಜಿಪ್ಟಿನ ಒಣಹವೆಯಲ್ಲಿ ಉಳಿದಿದೆ.

ಹಳೆಯ ಕೈರೋ, ಎಂದರೆ ಫುಸ್ತಾತ್‌ನಲ್ಲಿ, ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಹರಿದೆಸೆಯಬಾರದೆಂಬ ನಂಬಿಕೆಯಿಂದ ಅಲ್ಲಿನವರು ಹಳೆಯ ಕಾಗದಗಳನ್ನೆಲ್ಲ ಒಂದು ಕೋಣೆಯಲ್ಲಿ ಹಾಕುತ್ತಾ ಬಂದಿದ್ದರು. ಅದಕ್ಕೆ ಗೆನೀಜಾ ಎಂದು ಹೆಸರು. 1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸ ಅದರ ಬಹುಭಾಗವನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಸಾಗಿಸಿದ. ಆ ರಾಶಿಯಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಹೆಕ್ಕಿ ಓದಿದವರು ಎಸ್.ಡಿ. ಗೋಯ್ಟೈನ್. ಅವುಗಳಲ್ಲಿ ಕನ್ನಡಿಗರಿಗೆ ಅತ್ಯಂತ ಹತ್ತಿರದವನು ಅಬ್ರಹಾಂ ಬೆನ್ ಯಿಜು.

ಬೆನ್ ಯಿಜು ಹುಟ್ಟಿದ್ದು ಉತ್ತರ ಆಫ್ರಿಕಾದಲ್ಲಿ, ಇಂದಿನ ಟ್ಯುನೀಸಿಯಾದ ಮಹದಿಯಾ ಪಟ್ಟಣದಲ್ಲಿ. 1132ರ ಹೊತ್ತಿಗೆ ಆತ ಮಂಗಳೂರಿನಲ್ಲಿದ್ದ. ಆಗ ತುಳುನಾಡನ್ನು ಆಳುತ್ತಿದ್ದವರು ಅಳುಪರು. ಬಳ್ಳಿಗಾವಿಯ ಕಲ್ಲಿಗೂ ಈತನ ಆಗಮನಕ್ಕೂ ನಡುವೆ ಎಂಬತ್ತು ವರ್ಷಗಳಷ್ಟೇ ಅಂತರ. ಮಂಗಳೂರಿನಲ್ಲಿ ಅಶು ಎಂಬ ದಾಸಿಯನ್ನು 1132ರ ಅಕ್ಟೋಬರ್ 17ರಂದು ಬಿಡುಗಡೆ ಮಾಡಿದ ಪತ್ರ ಇಂದಿಗೂ ಉಳಿದಿದೆ. ಆಕೆಯೇ ಅವನ ಮಕ್ಕಳ ತಾಯಿಯಾದಳು. ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿ ಬಾಳಿ, 1149ರಲ್ಲಿ ಏಡನ್ನಿಗೆ ಮರಳಿ, ಅಲ್ಲಿಂದ ಈಜಿಪ್ಟಿಗೆ ಹೋದ.

ಅವನ ವ್ಯಾಪಾರದ ದಾರಿ ಹೀಗಿತ್ತು. ಘಟ್ಟದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಮಂಗಳೂರಿನಂಥ ಬಂದರುಗಳಲ್ಲಿ ಹಡಗೇರಿ ಏಡನ್ ಸೇರುತ್ತಿದ್ದವು. ಅಲ್ಲಿಂದ ಕೆಂಪು ಸಮುದ್ರದಲ್ಲಿ ಸಾಗಿ ಆಫ್ರಿಕಾ ದಡದ ಐಧಾಬ್ ಬಂದರು. ಮರುಭೂಮಿಯಲ್ಲಿ ಒಂಟೆಯ ಮೇಲೆ ನೈಲ್ ನದಿಯವರೆಗೆ. ನದಿಯಲ್ಲಿ ದೋಣಿಯಿಂದ ಫುಸ್ತಾತ್. ಅತ್ತ ಕಡೆಯಿಂದ ಬರುತ್ತಿದ್ದುದು ಚಿನ್ನ, ತಾಮ್ರ, ಸೀಸ. ಮನೆಬಳಕೆಗೆ ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಈಜಿಪ್ಟಿನ ಕಾಗದ. ಏಡನ್ನಿನ ಗೆಳೆಯರು ಕಳಿಸಿದ ಉಡುಗೊರೆಗಳಲ್ಲಿ ಬರ್ಬೆರಾದ ಚಾಪೆಗಳೂ ಇದ್ದವು. ಬಳ್ಳಿಗಾವಿಯ ಶಾಸನದಲ್ಲಿ ಒಂಟಿಕಾಲಿನವರ ಜೊತೆ ಸೇರಿಹೋಗಿದ್ದ ಹೆಸರು ಇಲ್ಲಿ ಮಂಗಳೂರಿನ ಮನೆಯೊಂದರ ನೆಲದ ಮೇಲೆ ಹಾಸಿಕೊಂಡಿದೆ!

ಬಳ್ಳಿಗಾವಿಯಿಂದ ಸೊರಬ, ಬನವಾಸಿ ಸೀಮೆ ದಾಟಿ ಪಶ್ಚಿಮಕ್ಕೆ ಇಳಿದರೆ ಘಟ್ಟದ ದಾರಿಗಳು, ಅವುಗಳ ಕೆಳಗೆ ಬಂದರುಗಳು. ಬೆನ್ ಯಿಜುವಿನ ಮೂಟೆಯಲ್ಲಿದ್ದ ಅಡಕೆ ಯಾವ ತೋಟದ್ದೆಂದು ಪತ್ರಗಳು ಬರೆದಿಟ್ಟಿಲ್ಲ. ಆದರೆ ಅಡಕೆ, ಮೆಣಸು, ಏಲಕ್ಕಿ ಬೆಳೆಯುವುದು ಘಟ್ಟದ ಎರಡು ಮಗ್ಗುಲಲ್ಲೇ.

ಕಾಗದಗಳಲ್ಲಿ ಕಾಣುವ ಸಹಕಾರದ ಬಗೆ ಕುತೂಹಲಕರ. ಏಡನ್ನಿನ ವರ್ತಕರ ಪ್ರತಿನಿಧಿ ಮದ್ಮೂನ್ ಎಂಬಾತ ಬೆನ್ ಯಿಜುವಿನ ಮೂಲಕ ಈ ಕರಾವಳಿಯ ವರ್ತಕರಿಗೆ ಒಂದು ಪ್ರಸ್ತಾವ ಕಳಿಸುತ್ತಾನೆ: ಮಂಗಳೂರಿನಿಂದ ಹಡಗೊಂದನ್ನು ಸಜ್ಜುಗೊಳಿಸಿ ಮೆಣಸು, ಕಬ್ಬಿಣ, ಶುಂಠಿ ತುಂಬಿ ಕಳಿಸಿ, ಹಡಗು ಕಟ್ಟುವುದಾದರೆ ತನ್ನದೂ ಒಂದು ಪಾಲಿರಲಿ. ಆ ವರ್ತಕರಲ್ಲಿ ಒಬ್ಬನನ್ನು ಪತ್ರ ಬನಿಯ ಎಂದೇ ಕರೆಯುತ್ತದೆ. ಪತ್ರ ಬರೆದವನು ಯಹೂದಿ, ಪಡೆದವರು ಬೇರೆ ಮತದವರು, ಆಳುವವರು ಒಂದು ಕಡೆ ಅರಬರು, ಇನ್ನೊಂದು ಕಡೆ ಅಳುಪರು. ಒಡಂಬಡಿಕೆಗೆ ಸಹಿ ಹಾಕಿದ ರಾಜರು ಯಾರೂ ಇಲ್ಲ.

ಇಂಥ ಏರ್ಪಾಡು ಕೈಕೊಟ್ಟದ್ದೂ ಉಂಟು. ಏಲಕ್ಕಿಗೆಂದು ಸ್ಥಳೀಯ ವ್ಯಾಪಾರಿಯೊಬ್ಬನಿಗೆ ಬೆನ್ ಯಿಜು ಮುಂಗಡ ಕೊಟ್ಟಿದ್ದ. ಹಣ ಏಡನ್ನಿನ ಪಾಲುದಾರರದು. ಏಲಕ್ಕಿ ಬರಲೇ ಇಲ್ಲ. ವರ್ಷಗಟ್ಟಲೆ ಪತ್ರಗಳಲ್ಲಿ ಈ ತಕರಾರು ನಡೆಯಿತು. ಕೊನೆಗೆ ಏಡನ್ನಿನ ಪಾಲುದಾರನೊಬ್ಬ, ಬಾಕಿ ಉಳಿಸಿಕೊಂಡವರಿಗೆ ನಾವಿಲ್ಲಿ ಬಹಿಷ್ಕಾರ ಹಾಕುತ್ತೇವೆ, ಅವನಿಗೂ ಅಂಥದೇ ಪತ್ರ ಬರುತ್ತದೆಂದು ಹೇಳಿ ಹೆದರಿಸು ಎಂದು ಬರೆಯುತ್ತಾನೆ. ಸಾವಿರಾರು ಮೈಲಿ ಆಚೆಯ ಬಹಿಷ್ಕಾರಕ್ಕೆ ಏಲಕ್ಕಿ ವ್ಯಾಪಾರಿ ಎಷ್ಟು ಹೆದರಿದನೋ! ಆದರೂ ಮಾನಹೋಗುವ ಭಯವೇ ಈ ವ್ಯಾಪಾರದ ಕೊನೆಯ ಕಾನೂನಾಗಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ಸಂಘದ ಕಟ್ಟಳೆ ಮುರಿದವನನ್ನು ಹೊರಗಿಡುತ್ತಿದ್ದ ಐನೂರ್ವರಿಗೆ ಈ ಪತ್ರ ಸಿಕ್ಕಿದ್ದರೆ ಅವರಿಗೆ ಅದರ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯುತ್ತಿತ್ತು.

ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದವನು ಅವನ ದಾಸ. ಪತ್ರಗಳಲ್ಲಿ ಅವನ ಹೆಸರಿನ ವ್ಯಂಜನಗಳು ಮಾತ್ರ ಇವೆ. ಈ ದಾಸನ ಜಾಡು ಹಿಡಿದು ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ (1992) ಬರೆದ ಅಮಿತಾವ್ ಘೋಷ್ ಅವರಿಗೆ, ಅದು ‘ಬೊಮ್ಮ’ ಎಂಬ ಹೆಸರಾಗಿರಬೇಕು ಎಂಬ ನಿರ್ಣಯಕ್ಕೆ ಬರಲು ನೆರವಾದವರು ತುಳು ಜಾನಪದ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ. ಬೊಮ್ಮ ಏಡನ್ನಿನಲ್ಲಿ ಕುಡಿದು ಗಲಾಟೆ ಮಾಡಿ ಮದ್ಮೂನನಿಂದ ಹೆಚ್ಚು ಹಣ ಕೇಳಿದ ದೂರೂ ಇದೆ. ಅವನ ಕೈಯಲ್ಲೇ ಬೆಲೆಬಾಳುವ ಸರಕನ್ನು ಕಳಿಸಿದ ನಂಬಿಕೆಯೂ ಇದೆ. ಎರಡು ಖಂಡಗಳ ಈ ನಂಟಿನಲ್ಲಿ ಮನುಷ್ಯರೂ ಸರಕಾಗಿದ್ದರು ಎಂಬುದನ್ನು ಮರೆತು ಹಳೆಯ ಕಾಲವನ್ನು ಕೊಂಡಾಡುವುದು ಸರಿಯಾಗದು.

ಇನ್ನೊಂದು ವಿವರ ಹೆಚ್ಚು ಗಮನಕ್ಕೆ ಬಂದಿಲ್ಲ. ಬೆನ್ ಯಿಜು ಪಶ್ಚಿಮ ಕರಾವಳಿಯಲ್ಲಿ ಕಂಚಿನ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ. ಏಡನ್ನಿನಿಂದ ತಾಮ್ರ, ಸೀಸ, ಒಡೆದ ಹಳೆಯ ಪಾತ್ರೆಗಳು ಬರುತ್ತಿದ್ದವು. ಇಲ್ಲಿನ ಕಂಚುಗಾರರು ಅವನ್ನು ಕರಗಿಸಿ, ಕೇಳಿದ ಅಳತೆಗೆ ತಕ್ಕಂತೆ ಬೋಗುಣಿ, ತಟ್ಟೆ, ದೀಪ ಮಾಡಿಕೊಟ್ಟು ಹಿಂದಕ್ಕೆ ಕಳಿಸುತ್ತಿದ್ದರು. ಒಡೆದ ಪಾತ್ರೆಗೆ ಸಮುದ್ರ ದಾಟಿಸುವ ಖರ್ಚು ಹಾಕಿದರೂ ಲಾಭ ಉಳಿಯುತ್ತಿತ್ತೆಂದರೆ ಬೆಲೆಯಿದ್ದದ್ದು ಲೋಹಕ್ಕಿಂತ ಕೈಗೆಲಸಕ್ಕೆ.

ಸರಕು ಯಾರದು, ಕೆಲಸ ಯಾರದು

ಕಚ್ಚಾ ಸರಕು ಒಂದು ದಡದ್ದು, ಕೆಲಸ ಇನ್ನೊಂದು ದಡದ್ದು. ಈ ಹಂಚಿಕೆಯೇ ಇಂದು ಏಷ್ಯಾ ಮತ್ತು ಆಫ್ರಿಕಾದ ಬಡ ದೇಶಗಳ ನಡುವಿನ ತಕರಾರಿನ ಮೂಲ. ಅದನ್ನು ನೋಡಲು ಅದೇ ಮಂಗಳೂರಿಗೆ ಹೋದರೆ ಸಾಕು.

ನಡುವೆ ಆದದ್ದನ್ನು ಚುಟುಕಾಗಿ ಹೇಳಬಹುದು. ಹದಿನಾಲ್ಕನೆಯ ಶತಮಾನದ ವೇಳೆಗೆ ಬಳ್ಳಿಗಾವಿಯ ವೈಭವ ಇಳಿಯಿತು. ಕರಾವಳಿಯ ವ್ಯಾಪಾರ ನಿಲ್ಲಲಿಲ್ಲ. ವಿಜಯನಗರ ಕಾಲದ ಬಾರಕೂರಿನಂಥ ಊರುಗಳ ಶಾಸನಗಳಲ್ಲಿ ನಖರದ ಜೊತೆಗೆ ‘ಹಂಜಮಾನ’ ಎಂಬ ಪರದೇಶಿ ವರ್ತಕರ ಕೂಟ ಕಾಣಸಿಗುತ್ತದೆ. ಪಾರಸಿಯ ‘ಅಂಜುಮನ್’ ಶಬ್ದ ಕನ್ನಡದ ಕಲ್ಲಿನ ಮೇಲೆ ಹೀಗಾಯಿತು. 1498ರಲ್ಲಿ ಬಂದ ಪೋರ್ಚುಗೀಸರು ಫಿರಂಗಿಯ ಬಲದಿಂದ ‘ಕರ್ತಾಜ್’ ಎಂಬ ರಹದಾರಿ ಪತ್ರವನ್ನು ಕಡ್ಡಾಯಗೊಳಿಸಿದರು. ಅಪ್ಪಣೆಯಿಲ್ಲದೆ ಓಡಾಡುತ್ತಿದ್ದ ಕಡಲಿನಲ್ಲಿ ಅಪ್ಪಣೆ ಕೇಳಬೇಕಾಯಿತು. ಬಳಿಕ ಬಂದ ವಸಾಹತು ಆಳ್ವಿಕೆಯಲ್ಲಿ ಎರಡೂ ದಡಗಳು ಒಂದರ ಮುಖ ಇನ್ನೊಂದು ನೋಡುವ ಬದಲು ಯೂರೋಪಿನತ್ತ ತಿರುಗಿ ನಿಂತವು. 1955ರಲ್ಲಿ ಇಂಡೊನೇಷ್ಯಾದ ಬಾಂಡುಂಗಿನಲ್ಲಿ ಏಷ್ಯಾ, ಆಫ್ರಿಕಾದ 29 ದೇಶಗಳು ಸೇರಿದಾಗ ಪರಸ್ಪರ ವ್ಯಾಪಾರವನ್ನು ಬೆಳೆಸುವ ಮಾತೂ ಬಂದದ್ದು ಇದೇ ಕಾರಣಕ್ಕೆ.

ಅದೇ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದು ನಮ್ಮ ಕರಾವಳಿಯಲ್ಲೂ ಆಫ್ರಿಕಾದ ಮೊಜಾಂಬಿಕ್‌ನಲ್ಲೂ ನೆಟ್ಟ ಮರ ಗೇರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ಬೆಳೆದವು. ಊರಿನ ಬೀಜ ಸಾಲದೆ ಪೂರ್ವ ಆಫ್ರಿಕಾದಿಂದ ಕಚ್ಚಾ ಬೀಜ ಹಡಗಿನಲ್ಲಿ ಬರತೊಡಗಿತು; ಈಗ ಪಶ್ಚಿಮ ಆಫ್ರಿಕಾದಿಂದಲೂ ಬರುತ್ತದೆ. ಸಿಪ್ಪೆ ಒಡೆದು, ಪೊರೆ ಸುಲಿದು, ದರ್ಜೆ ವಿಂಗಡಿಸುವ ಕೆಲಸ ಕರಾವಳಿಯ ಸಾವಿರಾರು ಹೆಂಗಸರ ಹೊಟ್ಟೆಪಾಡಾಯಿತು. ಬಿಳಿಯ ತಿರುಳು ಅಮೆರಿಕ, ಯೂರೋಪುಗಳಿಗೆ ಹೋಯಿತು.

1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ಗೇರು ಬೆಳೆಯುವುದರಲ್ಲಿ ಜಗತ್ತಿನ ಮುಂಚೂಣಿಯಲ್ಲಿತ್ತು, ಅಲ್ಲಿ ಕಾರ್ಖಾನೆಗಳೂ ಇದ್ದವು. ಅಂತರ್ಯುದ್ಧ ಎಲ್ಲವನ್ನೂ ಹಾಳುಮಾಡಿತು. ಯುದ್ಧ ಮುಗಿದು ಕಾರ್ಖಾನೆಗಳು ತಲೆಯೆತ್ತುವ ಹೊತ್ತಿಗೆ, 1990ರ ದಶಕದ ಮಧ್ಯದಲ್ಲಿ, ಕಚ್ಚಾ ಬೀಜದ ಮೇಲಿನ ರಫ್ತು ಸುಂಕ ಇಳಿಸಬೇಕೆಂದು ವಿಶ್ವಬ್ಯಾಂಕು ಷರತ್ತು ಹಾಕಿತು. ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಅದರ ವಾದ. ಸುಂಕ ಇಳಿಯಿತು, ಬೀಜ ಭಾರತಕ್ಕೆ ಹರಿಯಿತು, ಅಲ್ಲಿನ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿ ಸಾವಿರಾರು ಕಾರ್ಮಿಕರು ಬೀದಿಗೆ ಬಂದರು. ಅವರಲ್ಲೂ ಹೆಂಗಸರ ಸಂಖ್ಯೆ ದೊಡ್ಡದಿತ್ತು. ಮುಂದೆ ಆ ದೇಶ ರಫ್ತು ಸುಂಕವನ್ನು ಮತ್ತೆ ಏರಿಸಿತು. ಎರಡು ಬಡ ನಾಡುಗಳು ನೇರವಾಗಿ ವ್ಯಾಪಾರ ಮಾಡಿದರೆ ಇಬ್ಬರಿಗೂ ಒಳಿತೇ ಎಂಬ ಬಾಂಡುಂಗ್ ಕಾಲದ ನಂಬಿಕೆಗೆ ಇದು ಕಹಿ ಉತ್ತರ. ಇಲ್ಲಿ ಒಬ್ಬ ಹೆಂಗಸಿಗೆ ಸಿಕ್ಕ ಕೂಲಿ ಅಲ್ಲಿ ಇನ್ನೊಬ್ಬಳು ಕಳೆದುಕೊಂಡ ಕೂಲಿಯಾಗಿತ್ತು.

2008ರ ಏಪ್ರಿಲ್‌ನಲ್ಲಿ ನವದೆಹಲಿಯಲ್ಲಿ ಸೇರಿದ ಮೊದಲ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ, ಅತಿ ಹಿಂದುಳಿದ ದೇಶಗಳ ಬಹುತೇಕ ಸರಕುಗಳಿಗೆ ಆಮದು ಸುಂಕದ ರಿಯಾಯಿತಿ ಕೊಡುವುದಾಗಿ ಭಾರತ ಘೋಷಿಸಿತು. ಸುಂಕ ಇಳಿದರೂ ಹಳೆಯ ತಕರಾರು ತೀರಿಲ್ಲ. ಟಾಂಜಾನಿಯಾ, ಐವರಿ ಕೋಸ್ಟ್‌ಗಳು ತಮ್ಮ ಬೀಜವನ್ನು ತಾವೇ ಒಡೆಯಬೇಕೆಂದು ಹಟ ತೊಟ್ಟಿವೆ. ಅದು ನ್ಯಾಯವಾದ ಹಟವೇ. ಯಂತ್ರಗಳನ್ನು ನೆಚ್ಚಿಕೊಂಡ ವಿಯೆಟ್ನಾಂ ಇನ್ನೊಂದು ಕಡೆಯಿಂದ ಪೈಪೋಟಿಗೆ ನಿಂತಿದೆ. ನಡುವೆ ಸಿಕ್ಕಿಕೊಂಡಿರುವುದು ಕರಾವಳಿಯ ಗೇರು ಕಾರ್ಖಾನೆಗಳು.

ಹಂಚಿಕೆಯ ಈ ಪ್ರಶ್ನೆಯನ್ನು ಐನೂರ್ವರು ತಮ್ಮ ಮಟ್ಟಿಗೆ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಹೇರಿಗಿಷ್ಟು, ಹೊರೆಗಿಷ್ಟು ಎಂದು ಗೊತ್ತಾದದ್ದನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೊರೆಸುತ್ತಿದ್ದರು. ಆದರೆ ಆ ಸಭೆಯಲ್ಲಿ ಕೂರಲು ಅಡಕೆ ಸುಲಿದವರಿಗೆ, ಹೇರೆತ್ತು ಹೊಡೆದವರಿಗೆ, ಬೊಮ್ಮನಂಥ ದಾಸರಿಗೆ ಜಾಗವಿರಲಿಲ್ಲ. ಬಳ್ಳಿಗಾವಿಯ ಕಲ್ಲು ಸ್ವಾಮಿಗಳನ್ನು ಅಷ್ಟು ಉದ್ದಕ್ಕೆ ಹೊಗಳಿದರೂ ಹೊರೆ ಹೊತ್ತ ಒಬ್ಬ ಆಳಿನ ಹೆಸರನ್ನೂ ಹೇಳುವುದಿಲ್ಲ.